ಚಕ್ಕಳಮಕ್ಕಳ ಕೂತ ಸ್ಯಾಕ್ಸೋಫೋನ್

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಕೃಷ್ಣೆಯ ದಂಡೆಯ ಊರು. ಶರಣೆ ನೀಲಮ್ಮನವರು ಐಕ್ಯರಾದ ನೆಲ ಎಂದು ನಾಡಿಗೆಲ್ಲ ಗೊತ್ತು. ಈ ಸೀಮೆಯಲ್ಲಿ ಊದುವ ವಾದ್ಯ ಎಂದರೆ ಮೊದಲು ನೆನಪಾಗುವುದು ಸನಾದಿ. ಮದುವೆಯ ಹಂದರದಲ್ಲಿ ಕೂತು ನುಡಿಸುವಾಗ ಅದರದು ಒಂದು ದನಿ. ಪಲ್ಲಕ್ಕಿಯ ಮುಂದೆ ನಡೆಯುತ್ತ, ಕೊಳವೆಯನ್ನು ಮುಗಿಲಿಗೆತ್ತಿ ನುಡಿಸುವಾಗ ಇನ್ನೊಂದು ದನಿ. ವಾದ್ಯ ಅದೇ, ನುಡಿಸುವವರೂ ಅವರೇ, ರಾಗವೂ ಅದೇ ಇರಬಹುದು. ಆದರೂ ಏನೋ ಬದಲಾಗಿದೆ ಎಂದು ಕಿವಿಗೆ ಗೊತ್ತಾಗುತ್ತದೆ.

ಇದೇ ಒಗಟು ಸ್ಯಾಕ್ಸೋಫೋನಿನಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ. ಮೆರವಣಿಗೆಯ ಬ್ಯಾಂಡಿನಲ್ಲಿ ಅದನ್ನು ಕೊರಳಿಗೆ ತೂಗುಹಾಕಿಕೊಂಡು ನಿಂತು, ನಡೆದು ಊದುತ್ತಾರೆ. ಕದ್ರಿ ಗೋಪಾಲನಾಥ್ ಹಾಗೆ ಮಾಡಲಿಲ್ಲ. ವೀಣೆಯವರಂತೆ, ಪಿಟೀಲಿನವರಂತೆ ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರೊಮೆನಾಡ್ ಕಛೇರಿ ನೀಡಿದಾಗಲೂ ಅವರು ಅಪ್ಪಟ ಕರ್ನಾಟಕ ಸಂಗೀತದ ವಿದ್ವಾಂಸರೇ. ಅವರ ಹಿತ್ತಾಳೆಯ ವಾದ್ಯದಿಂದ ಹೊರಟ ನಾದದಲ್ಲಿ ನಾಗಸ್ವರದ ಛಾಯೆ ದಟ್ಟವಾಗಿತ್ತು.

ಹಾಗಾದರೆ ಕೂತದ್ದರಿಂದ ನಾದ ಬದಲಾಯಿತೇ? ನಿಂತರೆ ಒಂದು ದನಿ, ಕೂತರೆ ಒಂದು ದನಿ ಎನ್ನುವುದು ನಿಜವೇ? ಸ್ಯಾಕ್ಸೋಫೋನ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಮುಖಾಮುಖಿಯಾಗುತ್ತಾರೆ. ಉತ್ತರಕ್ಕಾಗಿ ನಾವು ನೋಡಬೇಕಾದದ್ದು ವಾದ್ಯದ ಉದ್ದನೆಯ ಮೈಯನ್ನಲ್ಲ, ಅದರ ತುದಿಯಲ್ಲಿರುವ ಒಂದು ಸಣ್ಣ ಸಂದನ್ನು.

ಸ್ವರ ಒಂದೇ, ಬಣ್ಣ ಬೇರೆ

ಒಂದೇ ಷಡ್ಜವನ್ನು ಕೊಳಲು, ವೀಣೆ, ಸನಾದಿ ಮೂರರಲ್ಲೂ ನುಡಿಸಿದರೆ ಕಣ್ಣು ಮುಚ್ಚಿಕೊಂಡೇ ಯಾವುದು ಯಾವುದೆಂದು ಹೇಳಿಬಿಡುತ್ತೇವೆ. ಸ್ವರದ ಎತ್ತರ ಒಂದೇ ಆದರೂ ಗುರುತು ಹಿಡಿಯಲು ನೆರವಾಗುವ ಆ ಗುಣವನ್ನು ನಾದದ ಬಣ್ಣ ಎನ್ನೋಣ. ಸ್ಯಾಕ್ಸೋಫೋನ್ ನುಡಿಸುವವರ ಮಾತಿನಲ್ಲಿ ಇದು ಟೋನ್.

ಈ ಬಣ್ಣ ಬರುವುದು ಹೀಗೆ. ಸಾಮಾನ್ಯ ಆಲ್ಟೋ ಸ್ಯಾಕ್ಸೋಫೋನಿನ ತೀರ ತಗ್ಗಿನ ಸ್ವರವನ್ನು ಊದಿದಾಗ ಕೊಳವೆಯೊಳಗಿನ ಗಾಳಿ ಸೆಕೆಂಡಿಗೆ ಸುಮಾರು 139 ಸಲ ಕಂಪಿಸುತ್ತದೆ. ನಮ್ಮ ಕಿವಿ ಅದನ್ನೇ ಸ್ವರವೆಂದು ಹಿಡಿಯುತ್ತದೆ. ಆದರೆ ಅದೇ ಹೊತ್ತಿಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಅಂದರೆ 278, 417, 556 ಹೀಗೆ ಮೇಲೆ ಮೇಲೆ ಹೋಗುವ ಕಂಪನಗಳೂ ಅಲ್ಲೇ ನಡೆಯುತ್ತಿರುತ್ತವೆ. ಇವಕ್ಕೆ ಹಾರ್ಮೋನಿಕ್ ಎಂಬ ಹೆಸರಿದೆ. ನಾವು ಮರಿಸ್ವರ ಎನ್ನೋಣ. ಮೇಲಿನ ಮರಿಸ್ವರಗಳು ಬಲವಾಗಿದ್ದರೆ ದನಿ ಮಿಂಚುತ್ತದೆ, ಮೊನಚಾಗುತ್ತದೆ. ಅವು ಸೊರಗಿ ಕೆಳಗಿನವು ಮಾತ್ರ ಉಳಿದರೆ ದನಿ ಮೆತ್ತಗೆ, ಮಬ್ಬಾಗಿ ಕೇಳುತ್ತದೆ. ದಪ್ಪ, ತೆಳು, ಒರಟು, ನಯ ಎಂದು ನಾವು ದನಿಗೆ ಹೇಳುವ ವಿಶೇಷಣಗಳೆಲ್ಲ ಬಹುಪಾಲು ಈ ಮರಿಸ್ವರಗಳ ಪಾಲುಗಾರಿಕೆಯ ವಿವರಣೆಗಳೇ.

ಆದ್ದರಿಂದ ನಮ್ಮ ಪ್ರಶ್ನೆ ಈಗ ಸ್ಪಷ್ಟವಾಯಿತು. ನುಡಿಸುವವರ ಭಂಗಿ ಬದಲಾದಾಗ ಮರಿಸ್ವರಗಳ ಪಾಲು ಬದಲಾಗುತ್ತದೆಯೇ? ಆಗುವುದಾದರೆ ಎಲ್ಲಿ?

ಪಂಚಮಿಯ ಜೋಕಾಲಿ

ಸ್ಯಾಕ್ಸೋಫೋನಿನ ಮೇಲ್ತುದಿಯಲ್ಲಿ ಕೊಕ್ಕಿನ ಆಕಾರದ ಮೌತ್‌ಪೀಸ್ ಇದೆ. ಅದರ ಕೆಳಮೈಗೆ ತೆಳ್ಳಗೆ ಕೆತ್ತಿದ ಒಂದು ಪಟ್ಟಿಯನ್ನು ಬಿಗಿದಿರುತ್ತಾರೆ. ಅದೇ ರೀಡು. ದಕ್ಷಿಣ ಫ್ರಾನ್ಸಿನಲ್ಲಿ ಹೇರಳವಾಗಿ ಬೆಳೆಯುವ ಒಂದು ಬಗೆಯ ದೊಡ್ಡ ಜೊಂಡಿನಿಂದ ಅದನ್ನು ಮಾಡುತ್ತಾರೆ. ವಾದ್ಯದ ಮೈ ಹಿತ್ತಾಳೆಯದಾದರೂ ಈ ರೀಡಿನ ದೆಸೆಯಿಂದ ಸ್ಯಾಕ್ಸೋಫೋನನ್ನು ಕ್ಲಾರಿನೆಟ್, ಓಬೋಗಳ ಜೊತೆ ಮರದ ವಾದ್ಯಗಳ ಕುಲಕ್ಕೆ ಸೇರಿಸುತ್ತಾರೆ. ರೀಡಿನ ತುದಿಗೂ ಮೌತ್‌ಪೀಸ್‌ನ ತುದಿಗೂ ನಡುವೆ ಸುಮಾರು ಎರಡು ಮಿಲಿಮೀಟರಿನ ಸಂದು. ನುಡಿಸುವವರ ಉಸಿರು ವಾದ್ಯದೊಳಗೆ ಹೋಗಲು ಇರುವ ದಾರಿ ಅದೊಂದೇ.

ನಾಗರ ಪಂಚಮಿಯಲ್ಲಿ ವಿಜಯಪುರ ಸೀಮೆಯ ಊರೂರಲ್ಲಿ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಜೋಕಾಲಿ ತೂಗುವವರಿಗೆ ಒಂದು ಗುಟ್ಟು ಗೊತ್ತು. ಬಲವಾಗಿ ನೂಕಿದರೆ ಸಾಲದು, ಹೊತ್ತು ನೋಡಿ ನೂಕಬೇಕು. ಜೋಕಾಲಿ ತಮ್ಮತ್ತ ಬಂದು ಮತ್ತೆ ಹೊರಡುವ ಗಳಿಗೆಯಲ್ಲಿ ಸಣ್ಣ ನೂಕು ಕೊಟ್ಟರೂ ಅದು ಮರದ ಕೊಂಬೆಯೆತ್ತರಕ್ಕೆ ಹೋಗುತ್ತದೆ. ಆ ಗಳಿಗೆಯನ್ನು ಗೊತ್ತುಮಾಡುವುದು ತೂಗುವವರಲ್ಲ, ಜೋಕಾಲಿಯೇ.

ಸ್ಯಾಕ್ಸೋಫೋನಿನಲ್ಲಿ ಜೋಕಾಲಿ ಎಂದರೆ ಕೊಳವೆಯೊಳಗಿನ ಗಾಳಿಯ ಕಂಬ. ತೂಗುವ ಕೈ ಎಂದರೆ ರೀಡು. ಗಾಳಿಯ ಕಂಬದಲ್ಲಿ ಒತ್ತಡದ ಅಲೆ ಹೋಗಿ ಬಂದು ಮಾಡುತ್ತಿರುತ್ತದೆ. ಅಲೆ ಮರಳಿ ಮೌತ್‌ಪೀಸಿಗೆ ಬಂದಾಗ ಅಲ್ಲಿ ಒತ್ತಡ ಏರುತ್ತದೆ. ಏರಿದ ಒತ್ತಡ ರೀಡನ್ನು ಹೊರಕ್ಕೆ ದೂಡಿ ಸಂದನ್ನು ಅಗಲ ಮಾಡುತ್ತದೆ. ಆಗ ಉಸಿರು ಒಳನುಗ್ಗಿ ಏರಿದ ಒತ್ತಡಕ್ಕೆ ಇನ್ನಷ್ಟು ಬಲ ಸೇರಿಸುತ್ತದೆ. ಒತ್ತಡ ಇಳಿದಾಗ ರೀಡು ಒಳಕ್ಕೆ ಬಾಗಿ ಸಂದನ್ನು ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ತೆರೆದು ಮುಚ್ಚಿ, ಸರಿಯಾದ ಗಳಿಗೆಗೆ ಸರಿಯಾಗಿ ನೂಕುವುದೇ ರೀಡಿನ ಕೆಲಸ.

ಈಗ ನೂಕುವ ಬಗೆಯನ್ನು ಗಮನಿಸಿ. ಜೋಕಾಲಿಯನ್ನು ಅಂಗೈಯಿಂದ ನಯವಾಗಿ ಸಾಗಹಾಕಿದರೆ ಅದು ಸರಾಗವಾಗಿ ತೂಗುತ್ತದೆ. ರಪ್ಪನೆ ತಳ್ಳಿದರೆ ತೂಗುವುದರ ಜೊತೆಗೆ ಹಗ್ಗವೂ ಅದುರುತ್ತದೆ, ಹಲಗೆಯೂ ನಡುಗುತ್ತದೆ. ರೀಡೂ ಅಷ್ಟೆ. ಮೆಲ್ಲಗೆ ಊದಿದಾಗ ಅದು ಪೂರ್ತಿ ಮುಚ್ಚದೆ ಸುಮ್ಮನೆ ಹೊಯ್ದಾಡುತ್ತದೆ. ಗಾಳಿ ನಯವಾಗಿ ಏರಿಳಿಯುತ್ತದೆ, ಮೇಲಿನ ಮರಿಸ್ವರಗಳು ಕಡಿಮೆ. ಜೋರಾಗಿ ಊದಿದಾಗ ರೀಡು ಮೌತ್‌ಪೀಸಿಗೆ ಬಡಿದು ಸಂದು ಪೂರ್ತಿ ಮುಚ್ಚಿಬಿಡುತ್ತದೆ. ಗಾಳಿ ಕತ್ತರಿಸಿದಂತೆ ನಿಂತು ಮತ್ತೆ ನುಗ್ಗುತ್ತದೆ. ಆ ಹಠಾತ್ ತಡೆಯಿಂದಲೇ ಮೇಲಿನ ಮರಿಸ್ವರಗಳು ಹುಟ್ಟುವುದು.

ನಾದದ ಬಣ್ಣದ ಕೀಲಿ ಇಲ್ಲಿದೆ. ರೀಡು ಎಷ್ಟು ತೆರೆಯುತ್ತದೆ, ಎಷ್ಟು ಹೊತ್ತು ಮುಚ್ಚಿರುತ್ತದೆ, ಎಷ್ಟು ಥಟ್ಟನೆ ಮುಚ್ಚುತ್ತದೆ ಎಂಬ ಮೂರು ಸಂಗತಿ ಬದಲಾದರೆ ಬಣ್ಣ ಬದಲಾಯಿತು. ಭಂಗಿಗೆ ಏನಾದರೂ ಶಕ್ತಿ ಇದ್ದರೆ ಅದು ಈ ಮೂರನ್ನು ಮುಟ್ಟಬೇಕು.

ಕೊಳವೆಯ ಆಕಾರ: ಭಂಗಿಗೆ ಜಗ್ಗದ ಭಾಗ

ಮೊದಲು ಭಂಗಿಯಿಂದ ಬದಲಾಗದೇ ಇರುವುದೇನು ಎಂಬುದನ್ನು ಬದಿಗಿರಿಸಿಬಿಡೋಣ. ಕೊಳವೆಯ ಆಕಾರ ಬದಲಾಗುವುದಿಲ್ಲ. ನಿಂತರೂ ಕೂತರೂ ಹಿತ್ತಾಳೆಯ ಕೊಳವೆ ಅಷ್ಟೇ ಉದ್ದ, ಅಷ್ಟೇ ಅಗಲ.

ಈ ಆಕಾರಕ್ಕೆ ತನ್ನದೇ ಮಹತ್ವವಿದೆ. ಬೆಲ್ಜಿಯಂನ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಆಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ. ಅವನು ಕ್ಲಾರಿನೆಟ್ಟಿನಂಥ ಒಂಟಿ ರೀಡನ್ನು ಇಟ್ಟುಕೊಂಡ, ಕೊಳವೆಯನ್ನು ಮಾತ್ರ ಬಾಯಿಂದ ತುದಿಯವರೆಗೆ ಹಿಗ್ಗುತ್ತ ಹೋಗುವ ಶಂಕುವಿನ ಆಕಾರಕ್ಕೆ ತಂದ. ಕ್ಲಾರಿನೆಟ್ಟಿನ ಕೊಳವೆ ಬಹುತೇಕ ಒಂದೇ ಅಗಲದ್ದು. ಅದರ ತಗ್ಗಿನ ಸ್ವರಗಳಲ್ಲಿ ಮೂರರಷ್ಟು, ಐದರಷ್ಟು ಎಂಬ ಬೆಸಸಂಖ್ಯೆಯ ಮರಿಸ್ವರಗಳೇ ಮುಂದು. ಶಂಕುವಿನ ಆಕಾರದ ಕೊಳವೆಯಲ್ಲಿ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಲ್ಲವೂ ಬರುತ್ತವೆ.

ನಮ್ಮ ಸನಾದಿಯ ಕೊಳವೆಯೂ ಹಿಗ್ಗುತ್ತ ಹೋಗುವುದೇ. ನಾಗಸ್ವರವೂ ಹಾಗೆಯೇ. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜ್‌ಕುಮಾರ್ ಅವರ ಪಾತ್ರಕ್ಕಾಗಿ ಬಿಸ್ಮಿಲ್ಲಾ ಖಾನ್ ನುಡಿಸಿದ ಶಹನಾಯಿಯ ತುಂಬುದನಿಯನ್ನು ಕೇಳಿದವರಿಗೆ ಈ ಆಕಾರದ ಫಲವೇನೆಂದು ಕಿವಿಯಲ್ಲೇ ಗೊತ್ತು. ರೀಡಿನಲ್ಲಿ ಒಂದು ವ್ಯತ್ಯಾಸವಿದೆ. ಸನಾದಿ, ನಾಗಸ್ವರಗಳಲ್ಲಿ ಜೋಡಿ ಪಟ್ಟಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ, ಸ್ಯಾಕ್ಸೋಫೋನಿನಲ್ಲಿ ಒಂದೇ ಪಟ್ಟಿ ಮೌತ್‌ಪೀಸಿಗೆ ಬಡಿಯುತ್ತದೆ. ಕೊಳವೆಯ ಮಟ್ಟಿಗೆ ಮೂರೂ ಒಂದೇ ಜಾತಿ.

ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥ್ ಅವರ ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನ ಕಿವಿ ಪಳಗಿದ್ದು ಆ ನಾದದಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅವರು ಮನಸೋತದ್ದು, ಮುಂದೆ ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಚೆನ್ನೈನ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತದ್ದು ನಾಡು ಬಲ್ಲ ಸಂಗತಿ. ಯುರೋಪಿನ ಈ ವಾದ್ಯದಲ್ಲಿ ನಾಗಸ್ವರದ ಗುಣ ಹೊಮ್ಮಿಸಲು ಸಾಧ್ಯವಾದದ್ದಕ್ಕೆ ಅವರ ಸಾಧನೆಯ ಜೊತೆಗೆ ಭೌತವಿಜ್ಞಾನದ ಬೆಂಬಲವೂ ಇತ್ತು. ಎರಡೂ ವಾದ್ಯಗಳ ಹೊಟ್ಟೆಯಲ್ಲಿರುವುದು ಒಂದೇ ಬಗೆಯ ಗಾಳಿಯ ಕಂಬ.

ತುಟಿ ಕೂರುವ ಜಾಗ

ಇನ್ನು ಬದಲಾಗುವ ಭಾಗಕ್ಕೆ ಬರೋಣ. ಸ್ಯಾಕ್ಸೋಫೋನ್ ನುಡಿಸುವಾಗ ಮೇಲಿನ ಹಲ್ಲುಗಳು ಮೌತ್‌ಪೀಸಿನ ಬೆನ್ನ ಮೇಲೆ ನಿಲ್ಲುತ್ತವೆ. ಕೆಳತುಟಿ ಕೆಳಹಲ್ಲಿನ ಮೇಲೆ ಮಡಿಚಿ ರೀಡಿಗೆ ಮೆತ್ತೆಯಾಗುತ್ತದೆ. ಬಾಯಿಯ ಸುತ್ತಲಿನ ಸ್ನಾಯುಗಳು ಸುತ್ತಲಿಂದಲೂ ಹಿಡಿದು ಗಾಳಿ ಸೋರದಂತೆ ನೋಡಿಕೊಳ್ಳುತ್ತವೆ. ಎಂಬೂಷರ್ ಎಂದು ಕಲಿಸುವ ಈ ಹಿಡಿತಕ್ಕೆ ತುಟಿಗಟ್ಟು ಎನ್ನಬಹುದು.

ಕೆಳತುಟಿ ರೀಡಿನ ಮೇಲೆ ಎಲ್ಲಿ ಕೂರಬೇಕು? ಇದನ್ನು ಒಂದು ಕಾಗದದ ಚೂರಿನಿಂದ ಕಂಡುಕೊಳ್ಳಬಹುದು. ರೀಡನ್ನು ಬಿಗಿದ ಮೌತ್‌ಪೀಸನ್ನು ಬೆಳಕಿಗೆ ಅಡ್ಡಲಾಗಿ ಹಿಡಿದು ಪಕ್ಕದಿಂದ ನೋಡಿ. ತುದಿಯ ಕಡೆ ರೀಡಿಗೂ ಮೌತ್‌ಪೀಸಿಗೂ ನಡುವೆ ಬೆಳಕು ಕಾಣುತ್ತದೆ, ಹಿಂದಕ್ಕೆ ಬಂದಂತೆ ಕಿರಿದಾಗಿ ಒಂದು ಕಡೆ ಮಾಯವಾಗುತ್ತದೆ. ಆ ಸಂದಿಗೆ ತೆಳು ಕಾಗದವನ್ನು ತೂರಿಸಿ ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಎಲ್ಲಿ ತಡೆದು ನಿಲ್ಲುತ್ತದೆಯೋ ಅಲ್ಲಿಂದ ಮುಂದಿನ ಭಾಗವಷ್ಟೇ ಬಾಗಿ ಏಳುವ ಭಾಗ. ರೀಡಿನ ಮೇಲೆ ಅಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದುಕೊಳ್ಳಿ. ಕೆಳತುಟಿ ಆ ಗೆರೆಯ ಆಸುಪಾಸಿನಲ್ಲಿ ಕೂರಬೇಕೆಂದು ಗುರುಗಳು ಕಲಿಸುವುದಕ್ಕೆ ಇದೇ ಕಾರಣ.

ತುಟಿ ಗೆರೆಗಿಂತ ತುದಿಯತ್ತ ಜಾರಿದರೆ ಅದುರಬೇಕಾದ ಭಾಗವನ್ನೇ ಮೆತ್ತನೆಯ ಮಾಂಸ ಅದುಮಿ ಹಿಡಿಯುತ್ತದೆ. ಸಂದು ಕಿರಿದಾಗುತ್ತದೆ, ಒಳಹೋಗುವ ಗಾಳಿ ಕಡಿಮೆಯಾಗುತ್ತದೆ, ದನಿ ಹಿಂಡಿದಂತೆ ತೆಳುವಾಗುತ್ತದೆ. ಗೆರೆಗಿಂತ ಹಿಂದೆ ಹೋದರೆ ರೀಡಿಗೆ ಲಗಾಮೇ ಇರುವುದಿಲ್ಲ. ದನಿ ದೊಡ್ಡದಾಗುತ್ತದೆ, ಒರಟಾಗುತ್ತದೆ, ನಡುವೆ ಕೀಚಲು ಹೊರಡುತ್ತದೆ. ರೀಡಿಗೆ ಅದರದೇ ಆದ ತುಂಬ ಎತ್ತರದ ಕಂಪನವೊಂದಿದೆ. ತುಟಿಯ ಮೆತ್ತೆ ಅದನ್ನು ತಗ್ಗಿಸಿಟ್ಟಿರುತ್ತದೆ. ಮೆತ್ತೆ ತಪ್ಪಿದಾಗ ಆ ಕಂಪನ ಗಾಳಿಯ ಕಂಬದ ಮಾತನ್ನು ಕೇಳದೆ ತಾನೇ ಕೂಗುತ್ತದೆ. ಹೊಸಬರ ಕೈಯಲ್ಲಿ ವಾದ್ಯ ಕಿರುಚುವುದರ ಒಂದು ಮುಖ್ಯ ಕಾರಣ ಇದು.

ಇಲ್ಲಿ ಎರಡು ಮೂರು ಮಿಲಿಮೀಟರಿನ ಲೆಕ್ಕ ನಡೆಯುತ್ತಿದೆ. ಎರಡೂವರೆ ಕಿಲೋ ತೂಕದ ವಾದ್ಯವನ್ನು ಕೊರಳಪಟ್ಟಿಯ ಮೇಲೆ ತೂಗಿಟ್ಟು, ತುಟಿಯ ಮೇಲೆ ಇಷ್ಟು ಸೂಕ್ಷ್ಮವಾಗಿ ನಿಲ್ಲಿಸಬೇಕು. ಭಂಗಿ ಕೆಲಸ ಮಾಡುವುದು ಇಲ್ಲಿ.

ಕೂತಾಗ ಏನಾಗುತ್ತದೆ

ನಿಂತು ನುಡಿಸುವಾಗ ಆಲ್ಟೋ ಸ್ಯಾಕ್ಸೋಫೋನ್ ಮೈಯ ಮುಂದೆ ಅಥವಾ ತುಸು ಬಲಕ್ಕೆ ಸಲೀಸಾಗಿ ತೂಗುತ್ತದೆ. ಚಕ್ಕಳಮಕ್ಕಳ ಕೂತಾಗ ವಾದ್ಯದ ಕೆಳಭಾಗಕ್ಕೆ ಎರಡೇ ಜಾಗ ಉಳಿಯುತ್ತವೆ. ಒಂದು ಮಡಿಲ ಮುಂದೆ, ಇನ್ನೊಂದು ಬಲತೊಡೆಯ ಪಕ್ಕ. ಮಡಿಲ ಮುಂದಿಟ್ಟರೆ ಕೆಳತುದಿ ಮುಂದಕ್ಕೆ ಚಾಚಿಕೊಂಡು ಮೌತ್‌ಪೀಸ್ ಬಾಯಿಗೆ ಬರುವ ಓರೆ ಬದಲಾಗುತ್ತದೆ. ತೊಡೆಯ ಪಕ್ಕಕ್ಕಿಟ್ಟರೆ ಇಡೀ ವಾದ್ಯ ವಾಲಿ ಮೌತ್‌ಪೀಸೂ ವಾಲುತ್ತದೆ.

ವಾಲಿದ ಮೌತ್‌ಪೀಸನ್ನು ಹಾಗೆಯೇ ಬಾಯಿಗಿಟ್ಟರೆ ರೀಡಿನ ಒಂದು ಅಂಚಿನ ಮೇಲೆ ತುಟಿಯ ಭಾರ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ. ರೀಡು ಸಮನಾಗಿ ಮುಚ್ಚುವುದಿಲ್ಲ. ಒಂದು ಅಂಚು ಮುಚ್ಚಿದಾಗ ಇನ್ನೊಂದು ತೆರೆದೇ ಇರುತ್ತದೆ. ಥಟ್ಟನೆ ಮುಚ್ಚುವುದರಿಂದ ಹುಟ್ಟಬೇಕಿದ್ದ ಮರಿಸ್ವರಗಳು ಸೊರಗುತ್ತವೆ, ಗಾಳಿಯ ಸುಯ್ಯೆನ್ನುವ ಸದ್ದು ನಾದಕ್ಕೆ ಬೆರೆಯುತ್ತದೆ. ಇದನ್ನು ಸರಿಪಡಿಸಲು ಹೊಸಬರು ತಲೆಯನ್ನೇ ಓರೆ ಮಾಡುತ್ತಾರೆ. ಆಗ ಕತ್ತಿನ ಒಂದು ಬದಿ ಬಿಗಿಯುತ್ತದೆ, ದವಡೆಯ ಬಿಗುವು ತುಟಿಗೆ ಇಳಿಯುತ್ತದೆ.

ಪಳಗಿದವರು ತಲೆಯನ್ನು ಮುಟ್ಟುವುದಿಲ್ಲ, ವಾದ್ಯವನ್ನು ತಿರುಗಿಸುತ್ತಾರೆ. ಸ್ಯಾಕ್ಸೋಫೋನಿನ ಕತ್ತು ಮೈಗೆ ಬೆಸೆದದ್ದಲ್ಲ. ತಿರುಪು ಸಡಿಲಿಸಿ ಎಡಕ್ಕೋ ಬಲಕ್ಕೋ ಹೊರಳಿಸಬಹುದು. ಮೌತ್‌ಪೀಸೂ ಕತ್ತಿನ ತುದಿಯ ಕಾರ್ಕಿನ ಮೇಲೆ ಸುತ್ತ ತಿರುಗುತ್ತದೆ. ಮೊದಲು ನೆಟ್ಟಗೆ ಕೂತು, ಮುಖವನ್ನು ನೇರ ಇಟ್ಟುಕೊಂಡು, ವಾದ್ಯ ಎಲ್ಲಿ ನೆಮ್ಮದಿಯಾಗಿ ನಿಲ್ಲುತ್ತದೆಯೋ ಅಲ್ಲಿ ನಿಲ್ಲಲು ಬಿಡಬೇಕು. ಆಮೇಲೆ ಕತ್ತನ್ನು ತಮ್ಮತ್ತ ಹೊರಳಿಸಬೇಕು. ಕೊನೆಗೆ ರೀಡು ತುಟಿಗೆ ಸಮತಟ್ಟಾಗಿ ಬರುವಂತೆ ಮೌತ್‌ಪೀಸನ್ನು ತಿರುಗಿಸಬೇಕು. ಕೊರಳಪಟ್ಟಿಯ ಉದ್ದವನ್ನೂ ಹೀಗೆಯೇ ಹೊಂದಿಸಬೇಕು. ಪಟ್ಟಿ ಉದ್ದವಾದರೆ ಬಾಯಿ ಮೌತ್‌ಪೀಸನ್ನು ಹುಡುಕಿಕೊಂಡು ಕೆಳಗೆ ಬಾಗುತ್ತದೆ, ಗಂಟಲು ಅದುಮುತ್ತದೆ. ಗಿಡ್ಡವಾದರೆ ಗದ್ದ ಮೇಲೇಳುತ್ತದೆ, ತುಟಿಯ ಒತ್ತು ಅಳತೆ ತಪ್ಪುತ್ತದೆ. ಬಾಯಿ ಇದ್ದಲ್ಲಿಗೆ ವಾದ್ಯ ಬರಬೇಕು, ವಾದ್ಯ ಇದ್ದಲ್ಲಿಗೆ ಬಾಯಿ ಹೋಗಬಾರದು.

ಹೀಗೆ ಹೊಂದಿಸಿಕೊಂಡರೆ ನಿಂತಾಗ ತುಟಿಗೂ ರೀಡಿಗೂ ಇದ್ದ ಸಂಬಂಧವೇ ಕೂತಾಗಲೂ ಉಳಿಯುತ್ತದೆ. ಸಂದಿನ ಪಾಲಿಗೆ ನುಡಿಸುವವರು ಕೂತಿದ್ದಾರೋ ನಿಂತಿದ್ದಾರೋ ಎಂಬುದು ಲೆಕ್ಕಕ್ಕಿಲ್ಲ.

ಕಾರ್ಕಿನ ಮೇಲಿನ ಜಾಗ

ಇನ್ನೊಂದು ಜಾಗವೂ ಮುಖ್ಯ. ಮೌತ್‌ಪೀಸನ್ನು ಕಾರ್ಕಿನ ಮೇಲೆ ಎಷ್ಟು ಒಳಕ್ಕೆ ತಳ್ಳಿದ್ದೀರಿ ಎಂಬುದು. ಒಳಕ್ಕೆ ತಳ್ಳಿದರೆ ಗಾಳಿಯ ಕಂಬ ಚಿಕ್ಕದಾಗಿ ಸ್ವರ ಏರುತ್ತದೆ, ಹೊರಕ್ಕೆ ಎಳೆದರೆ ಇಳಿಯುತ್ತದೆ. ಬೇಸಿಗೆಯಲ್ಲಿ ವಿಜಯಪುರದ ಕಡೆ 40 ಡಿಗ್ರಿ ಬಿಸಿಲಿಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 355 ಮೀಟರ್, 20 ಡಿಗ್ರಿಯ ತಂಪಿನಲ್ಲಿ ಸುಮಾರು 343. ಕೊಳವೆಯೊಳಗೆ ನುಡಿಸುವವರ ಬೆಚ್ಚನೆಯ ಉಸಿರೇ ತುಂಬಿರುವುದರಿಂದ ವ್ಯತ್ಯಾಸ ಅಷ್ಟು ಪೂರ್ತಿಯಾಗಿ ಕೇಳದಿದ್ದರೂ ಸ್ವರ ಏರುವುದಂತೂ ಹೌದು. ಆಗ ಮೌತ್‌ಪೀಸನ್ನು ತುಸು ಹೊರಕ್ಕೆ ಎಳೆದು ಶ್ರುತಿ ಸೇರಿಸುತ್ತಾರೆ.

ಆದರೆ ಇಲ್ಲಿ ಬಣ್ಣದ ಪ್ರಶ್ನೆಯೂ ಅಡಗಿದೆ. ಶಂಕುವಿಗೆ ಚೂಪಾದ ತುದಿಯಿರಬೇಕು. ಸ್ಯಾಕ್ಸೋಫೋನಿನಲ್ಲಿ ಆ ತುದಿಯನ್ನು ಕತ್ತರಿಸಿ ಆ ಜಾಗದಲ್ಲಿ ಮೌತ್‌ಪೀಸ್ ಕೂರಿಸಿದ್ದಾರೆ. ಮೌತ್‌ಪೀಸಿನ ಒಳಗಿನ ಪೊಳ್ಳು ಕತ್ತರಿಸಿಹೋದ ತುದಿಯ ಅಳತೆಗೆ ಹೊಂದಿದರೆ ಮರಿಸ್ವರಗಳು ಎರಡರಷ್ಟು, ಮೂರರಷ್ಟು ಎಂಬ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಗಾಳಿಯ ಕಂಬದ ಬೇರೆ ಬೇರೆ ಕಂಪನಗಳೆಲ್ಲ ಒಂದೇ ಗಳಿಗೆಗೆ ರೀಡನ್ನು ತೆರೆಯುತ್ತವೆ, ದನಿ ತುಂಬಿ ಬರುತ್ತದೆ. ತುಂಬಾ ಒಳಕ್ಕೆ ಅಥವಾ ತುಂಬಾ ಹೊರಕ್ಕೆ ಹೋದರೆ ಆ ಲೆಕ್ಕ ತಪ್ಪುತ್ತದೆ. ಮೇಲಿನ ಷಡ್ಜ ಕೆಳಗಿನ ಷಡ್ಜಕ್ಕೆ ಸೇರುವುದಿಲ್ಲ, ದನಿ ಒಡೆದಂತಾಗುತ್ತದೆ. ತುಟಿಯ ಬಿಗಿಗೂ ಇದಕ್ಕೂ ನೇರ ನಂಟು. ಬಾಗಿದ ಭಂಗಿಯಲ್ಲಿ ತುಟಿ ಬಿಗಿದು ಸ್ವರ ಏರಿತೆಂದು ಮೌತ್‌ಪೀಸನ್ನು ಹೊರಕ್ಕೆಳೆದವರು ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದಂತಾಗುತ್ತದೆ. ಮೌತ್‌ಪೀಸನ್ನಷ್ಟೇ ಊದಿ ನೋಡುವ ಅಭ್ಯಾಸ ಇದಕ್ಕೆ ಒಳ್ಳೆಯ ಪರೀಕ್ಷೆ. ಆಲ್ಟೋ ಮೌತ್‌ಪೀಸ್ ಸುಮಾರು 880 ಹರ್ಟ್ಜ್‌ನ ಸ್ವರ ಕೊಟ್ಟರೆ ತುಟಿಗಟ್ಟು ಸರಿಯಿದೆ ಎಂಬುದು ಶಿಕ್ಷಕರು ಬಳಸುವ ಗುರುತು. ಅದಕ್ಕಿಂತ ತುಂಬಾ ಮೇಲೆ ಹೋದರೆ ತುಟಿ ಬಿಗಿಯಾಗಿದೆ ಎಂದರ್ಥ.

ಬೆನ್ನು ಮತ್ತು ಉಸಿರು

ರೀಡಿನ ಒಂದು ಪಕ್ಕ ಗಾಳಿಯ ಕಂಬ, ಇನ್ನೊಂದು ಪಕ್ಕ ನುಡಿಸುವವರ ಉಸಿರು. ಸಂದನ್ನು ಸದಾ ಚಾಲೂ ಇಡಲು ಬಾಯಲ್ಲಿ ಹತ್ತಾರು ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯುವಷ್ಟು ಒತ್ತಡ ಬೇಕು. ಅದು ದೀರ್ಘ ಸ್ವರದುದ್ದಕ್ಕೂ ಏರುಪೇರಾಗಬಾರದು. ಬೆನ್ನು ಗೂನಾದಾಗ ಪಕ್ಕೆಲುಬುಗಳಿಗೆ ಹಿಗ್ಗಲು ಎಡೆಯಿರುವುದಿಲ್ಲ, ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ಒತ್ತುತ್ತವೆ. ಎಳೆದುಕೊಳ್ಳುವ ಉಸಿರೂ ಕಡಿಮೆ, ಬಿಡುವ ಉಸಿರಿನ ಮೇಲಿನ ಹಿಡಿತವೂ ಕಡಿಮೆ. ಒತ್ತಡ ಸಾಲದಾದಾಗ ತುಟಿ ಕಚ್ಚಿ ಸ್ವರ ಉಳಿಸಿಕೊಳ್ಳುವ ಚಟ ಬೆಳೆಯುತ್ತದೆ. ಉಸಿರಿನ ಕೊರತೆಯೂ ಕೊನೆಗೆ ಅದೇ ಸಂದಿಗೆ ಬಂದು ಮುಟ್ಟುತ್ತದೆ.

ಚಕ್ಕಳಮಕ್ಕಳ ಕೂರುವುದರಿಂದ ಉಸಿರಿಗೆ ತೊಂದರೆ ಎಂದು ಭಾವಿಸಬೇಕಿಲ್ಲ. ನಮ್ಮ ಗಾಯಕರು ತಲೆಮಾರುಗಳಿಂದ ಹಾಗೆಯೇ ಕೂತು ಮೂರು ಗಂಟೆ ಹಾಡುತ್ತ ಬಂದಿದ್ದಾರೆ. ಸೊಂಟದಿಂದ ಬೆನ್ನು ನೆಟ್ಟಗಿದ್ದರೆ ಹೊಟ್ಟೆ, ಪಕ್ಕೆ ಎರಡೂ ಸಲೀಸು. ಕುರ್ಚಿಯಲ್ಲಿ ಒರಗಿ ನುಡಿಸುವವರಿಗಿಂತ ಚಾಪೆಯ ಮೇಲೆ ನೆಟ್ಟಗೆ ಕೂತವರ ಉಸಿರು ಗಟ್ಟಿ.

ಬಾಯೊಳಗಿನ ಪೊಳ್ಳು

ತುಟಿಯ ಹಿಂದೆ ನಾಲಗೆ, ಅಂಗುಳು, ಗಂಟಲು ಸೇರಿ ಒಂದು ಪೊಳ್ಳು ಇದೆ. ಅಲ್ಲಿನ ಗಾಳಿಗೂ ತನ್ನದೇ ಕಂಪನವುಂಟು. 2008ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜೆರ್-ಮಿಂಗ್ ಚೆನ್, ಜಾನ್ ಸ್ಮಿತ್, ಜೋ ವುಲ್ಫ್ ಅವರು ಸ್ಯಾಕ್ಸೋಫೋನ್ ನುಡಿಸುತ್ತಿರುವಾಗಲೇ ಬಾಯೊಳಗಿನ ಈ ಕಂಪನವನ್ನು ಅಳೆದು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ವಾದ್ಯದ ಸಾಮಾನ್ಯ ಹರವನ್ನು ದಾಟಿದ ತೀರ ಎತ್ತರದ ಸ್ವರಗಳಲ್ಲಿ ಅನುಭವಿಗಳು ಬಾಯೊಳಗಿನ ಪೊಳ್ಳನ್ನು ನುಡಿಸಬೇಕಾದ ಸ್ವರಕ್ಕೆ ಸರಿಯಾಗಿ ಶ್ರುತಿಗೊಳಿಸುತ್ತಿದ್ದರು. ಅದು ಬಾರದವರಿಗೆ ಆ ಸ್ವರಗಳು ದಕ್ಕಲೇ ಇಲ್ಲ.

ಕಾರಣ ಸರಳ. ರೀಡು ಎರಡೂ ಪಕ್ಕದ ಒತ್ತಡಕ್ಕೆ ಮಣಿಯುತ್ತದೆ. ಕೆಳಗಿನ ಸ್ವರಗಳಲ್ಲಿ ಕೊಳವೆಯ ಗಾಳಿಕಂಬ ಬಲಶಾಲಿ, ಅದರ ಮಾತೇ ನಡೆಯುತ್ತದೆ. ತೀರ ಎತ್ತರದಲ್ಲಿ ಅದರ ಹಿಡಿತ ಸಡಿಲುತ್ತದೆ, ಆಗ ಬಾಯಿಯ ಪಕ್ಕದ ಮಾತು ಗೆಲ್ಲುತ್ತದೆ. ಸ್ವರವನ್ನು ಬಾಗಿಸುವಾಗಲೂ ಈ ಪೊಳ್ಳು ನೆರವಿಗೆ ಬರುತ್ತದೆ.

ಕರ್ನಾಟಕ ಸಂಗೀತಕ್ಕೆ ಇದು ಜೀವಾಳದ ಸಂಗತಿ. ಸ್ಯಾಕ್ಸೋಫೋನಿನ ಕೀಲಿಗಳು ಸ್ವರದಿಂದ ಸ್ವರಕ್ಕೆ ಜಿಗಿಯಲು ಮಾಡಿದವು. ನಮಗೆ ಬೇಕಾದದ್ದು ಗಮಕ, ಸ್ವರದಿಂದ ಸ್ವರಕ್ಕೆ ಜಾರುವ, ತೂಗುವ ನಡೆ. ಕೀಲಿಯನ್ನು ಮೆಲ್ಲಗೆ ಎತ್ತುವುದು, ದವಡೆ ಸಡಿಲಿಸುವುದು, ನಾಲಗೆಯನ್ನು ಏರಿಳಿಸುವುದು ಇದಕ್ಕಿರುವ ದಾರಿಗಳು. ಇವುಗಳಲ್ಲಿ ಎರಡು ಬಾಯೊಳಗೇ ನಡೆಯಬೇಕು. ಕತ್ತು ಬಿಗಿದು ದವಡೆ ಸೆಟೆದರೆ ಅವೆರಡೂ ಕೈಬಿಟ್ಟುಹೋಗುತ್ತವೆ. ಗಮಕ ನುಡಿಸುವವರಿಗೆ ನೆಮ್ಮದಿಯ ಭಂಗಿ ಬೇಕೇಬೇಕು ಎನ್ನುವುದು ಬರೀ ಸಂಪ್ರದಾಯದ ಮಾತಲ್ಲ. ಚಕ್ಕಳಮಕ್ಕಳ ಕೂತು, ತಲೆಯೆತ್ತಿ, ಮುಖದಲ್ಲಿ ಒಂದು ಗೆರೆಯೂ ಸೆಟೆಯದಂತೆ ನುಡಿಸುತ್ತಿದ್ದ ಗೋಪಾಲನಾಥ್ ಅವರ ಕಛೇರಿಯ ದೃಶ್ಯಗಳನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಬೇಕು.

ಕೇಳುವವರು ಎಲ್ಲಿದ್ದಾರೆ

ಇಲ್ಲಿಯವರೆಗೆ ಹೇಳಿದ್ದು ನಾದ ಹುಟ್ಟುವ ಜಾಗದ ಮಾತು. ಭಂಗಿ ಬದಲಾದಾಗ ನಾದ ಹೋಗುವ ದಿಕ್ಕೂ ಬದಲಾಗುತ್ತದೆ, ಅದನ್ನು ಪ್ರತ್ಯೇಕವಾಗಿ ನೋಡಬೇಕು.

ಸ್ಯಾಕ್ಸೋಫೋನಿನ ನಾದ ಅದರ ಅಗಲ ಬಾಯಿಂದ, ಅಂದರೆ ಬೆಲ್‌ನಿಂದ ಮಾತ್ರ ಬರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಕೆಳಗಿನ ಮರಿಸ್ವರಗಳು ಬಹುಮಟ್ಟಿಗೆ ಮೊದಲು ಸಿಕ್ಕ ತೆರೆದ ರಂಧ್ರಗಳಿಂದಲೇ ಹೊರಬಿದ್ದು ಸುತ್ತ ಹರಡುತ್ತವೆ. ಮೇಲಿನ ಮರಿಸ್ವರಗಳು ರಂಧ್ರಗಳನ್ನು ದಾಟಿ ಮುಂದೆ ಸಾಗಿ ಬೆಲ್ ತಲುಪುತ್ತವೆ, ಅಲ್ಲಿಂದ ಬೆಲ್ ಮುಖಮಾಡಿದ ಕಡೆಗೇ ಹೆಚ್ಚು ಹೋಗುತ್ತವೆ. ಆದ್ದರಿಂದ ಬೆಲ್‌ನ ಎದುರು ಕೂತವರಿಗೆ ಮಿಂಚುದನಿ, ಪಕ್ಕದಲ್ಲಿ ಕೂತವರಿಗೆ ಮೆತ್ತನೆಯ ದನಿ. ಸನಾದಿಯ ತುದಿಯನ್ನು ಮುಗಿಲಿಗೆತ್ತಿದಾಗ ಮೊನಚು ಜನರ ತಲೆಯ ಮೇಲಿಂದ ದಾಟಿ ದೂರ ಹೋಗುವುದೂ ಇದೇ ಕಾರಣಕ್ಕೆ.

ತೀರ ತಗ್ಗಿನ ಸ್ವರಗಳಲ್ಲಿ ರಂಧ್ರಗಳೆಲ್ಲ ಮುಚ್ಚಿರುವುದರಿಂದ ನಾದವೆಲ್ಲ ಬೆಲ್‌ನಿಂದಲೇ ಬರಬೇಕು. ಕೂತಾಗ ಬೆಲ್‌ಗೆ ಪಂಚೆಯ ಮಡಿಕೆಯೋ ತೊಡೆಯೋ ಅಡ್ಡ ಬಂದರೆ ಆ ಸ್ವರಗಳು ಮಂಕಾಗುತ್ತವೆ. ಬೆಲ್‌ನ ಬಾಯಿಗೇ ಮೈಕ್ ಸಿಕ್ಕಿಸಿದರೆ ರಂಧ್ರಗಳಿಂದ ಬರುವ ಪಾಲು ಕಡಿಮೆ ಸಿಗುತ್ತದೆ, ಸ್ವರದಿಂದ ಸ್ವರಕ್ಕೆ ಬಣ್ಣ ಏರುಪೇರಾಗುತ್ತದೆ. ಮೈಕನ್ನು ತುಸು ದೂರದಲ್ಲಿ, ಬೆಲ್‌ಗೂ ರಂಧ್ರಗಳ ಸಾಲಿಗೂ ನಡುವೆ ಗುರಿಯಿಟ್ಟು ನಿಲ್ಲಿಸಿದರೆ ವಾದ್ಯದ ಪೂರ್ತಿ ದನಿ ಸಿಗುತ್ತದೆ. ನಮ್ಮ ಜಾತ್ರೆ, ಉತ್ಸವಗಳ ವೇದಿಕೆಗಳಲ್ಲಿ ಧ್ವನಿವರ್ಧಕ ನೋಡಿಕೊಳ್ಳುವವರು ಇಷ್ಟನ್ನು ಅರಿತರೆ ಕಲಾವಿದರಿಗೂ ಕೇಳುಗರಿಗೂ ಉಪಕಾರವಾಗುತ್ತದೆ.

ನುಡಿಸುವವರ ಕಿವಿಯ ಮಾತೂ ಇದೆ. ಮೇಲಿನ ಹಲ್ಲು ಮೌತ್‌ಪೀಸನ್ನು ಮುಟ್ಟಿರುವುದರಿಂದ ಕಂಪನ ತಲೆಬುರುಡೆಯ ಮೂಲಕ ನೇರ ಒಳಗಿವಿಗೆ ಹೋಗುತ್ತದೆ. ಅವರು ಕೇಳುವ ದನಿ, ಸಭೆ ಕೇಳುವ ದನಿ ಎರಡೂ ಒಂದೇ ಅಲ್ಲ. ಭಂಗಿ ಬದಲಿಸಿದಾಗ ನಾದ ಬದಲಾಯಿತು ಎಂಬ ಅನಿಸಿಕೆಯನ್ನು ಸಭೆಯ ಜಾಗದಲ್ಲಿಟ್ಟ ರೆಕಾರ್ಡರಿನಿಂದಲೇ ಪರೀಕ್ಷಿಸಬೇಕು.

ತೀರ್ಮಾನ

ಭಂಗಿ ತನಗೆ ತಾನೇ ನಾದವನ್ನು ಬದಲಿಸುವುದಿಲ್ಲ. ಭಂಗಿ ತುಟಿಯ ಜಾಗ, ಒತ್ತು ಮತ್ತು ಉಸಿರನ್ನು ಬದಲಿಸುತ್ತದೆ. ಅವು ರೀಡಿನ ಸಂದು ತೆರೆದು ಮುಚ್ಚುವ ಬಗೆಯನ್ನು ಬದಲಿಸುತ್ತವೆ. ಆ ಬಗೆ ಮರಿಸ್ವರಗಳ ಪಾಲನ್ನು ಬದಲಿಸುತ್ತದೆ. ಸರಪಳಿಯ ಮೊದಲ ಕೊಂಡಿಯಲ್ಲೇ ಕತ್ತು, ಮೌತ್‌ಪೀಸು, ಕೊರಳಪಟ್ಟಿಗಳನ್ನು ಹೊಂದಿಸಿಕೊಂಡರೆ ನಿಂತರೂ ಕೂತರೂ ವಾದ್ಯದಿಂದ ಹುಟ್ಟುವ ನಾದ ಒಂದೇ. ಗೋಪಾಲನಾಥ್ 2004ರಲ್ಲಿ ಪದ್ಮಶ್ರೀ ಪಡೆದರು, 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಸ್ಯಾಕ್ಸೋಫೋನ್ ನಿಂತವರ ವಾದ್ಯ ಎಂಬ ನಂಬಿಕೆಯನ್ನು ಅವರು ಚಾಪೆಯ ಮೇಲೆ ಕೂತೇ ಕಳಚಿಹಾಕಿದರು.

ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿಯ ಕಡೆ ಸನಾದಿ ಊದುವ ಮನೆತನಗಳ ಮಕ್ಕಳಲ್ಲಿ ಯಾರಾದರೂ ಸ್ಯಾಕ್ಸೋಫೋನ್ ಕೈಗೆತ್ತಿಕೊಳ್ಳುವುದಾದರೆ ಅವರಿಗೆ ಹೇಳಬೇಕಾದ ಮಾತು ಇಷ್ಟೇ. ರೀಡಿನ ಮಾತನ್ನು ಅರಿತ ತುಟಿ ನಿಮ್ಮ ಮನೆಯಲ್ಲಿ ಆಗಲೇ ಇದೆ. ನೆಟ್ಟಗೆ ಕೂರಿ, ವಾದ್ಯವನ್ನು ಬಾಯಿಗೆ ತನ್ನಿ, ಬಾಯಿಯನ್ನು ವಾದ್ಯಕ್ಕೆ ಒಯ್ಯಬೇಡಿ. ಪೆನ್ಸಿಲಿನ ಗೆರೆಯ ಮೇಲೆ ತುಟಿ ಇಟ್ಟು ಒಂದು ದೀರ್ಘ ಷಡ್ಜ ಹಿಡಿಯಿರಿ, ನಿಂತು ಒಮ್ಮೆ, ಕೂತು ಒಮ್ಮೆ. ಎರಡನ್ನೂ ರೆಕಾರ್ಡ್ ಮಾಡಿ ಕೇಳಿ. ಎರಡೂ ಒಂದೇ ಆಗುವವರೆಗೆ ಭಂಗಿಯನ್ನು ತಿದ್ದಿಕೊಳ್ಳಿ.